ಕೂಡಲೊಲ್ಲದ ಮಾವನೊಡನೆ ಹಿನ್ನೀರಿನ ದಂಡೆಗೆ

ನನ್ನ ಸೋದರಮಾವನಿಗೆ ಮೊಣಕಾಲು ಮಡಚಲು ಬರುವುದಿಲ್ಲವೆಂದು ಸಣ್ಣವಳಿದ್ದಾಗ ನಾನು ಗಟ್ಟಿಯಾಗಿ ನಂಬಿದ್ದೆ. ನಂಬದೆ ಏನು ಮಾಡಲಿ? ಆತ ಕೂತದ್ದನ್ನು ಕಂಡವರೇ ಇರಲಿಲ್ಲವಲ್ಲ! (ಮಾವನಿಗೆ ಏಕವಚನವೇ ಸರಿ. ‘ರೀ’ ಹಚ್ಚಿದರೆ, "ಯಾಕಬೇ, ನಾ ಏನ್ ತಹಶೀಲ್ದಾರ ಆಗೇನೇನು?" ಎಂದು ಸಿಟ್ಟಿಗೇಳುತ್ತಾನೆ.) ಚಹಾ ನಿಂತು, ಊಟ ಅರ್ಧ ನಿಂತು, ಕ್ಷೌರವೂ ನಿಂತೇ. ಅದಕ್ಕೇ ಮೀಸೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ!

ಬನಹಟ್ಟಿಯಲ್ಲಿ ಮಾವನ ಪಾವರ್‌ಲೂಮುಗಳಿವೆ. ಈ ಮಗ್ಗದಲ್ಲಿ ಎಳೆ ಹರಿಯಿತು, ಆ ಮಗ್ಗದಲ್ಲಿ ಕಂಡಿಕೆಯ ನೂಲು ತೀರಿತು ಅಂತ ದಿನವಿಡೀ ಓಡಾಟ. ಸರಿ, ಒಪ್ಪಿದೆ. ಆದರೆ ಸ್ವಂತ ಮದುವೆಯಲ್ಲಿ? ಅಕ್ಕಿಕಾಳು ಬೀಳುವ ಹೊತ್ತಿಗೆ ಪಕ್ಕದ ಮನೆಯ ಮಗ್ಗದ ಸಪ್ಪಳ ಯಾಕೋ ಬದಲಾಯಿತೆಂದು ಬಾಸಿಂಗ ಕಟ್ಟಿಕೊಂಡೇ ಎದ್ದುಹೋದನಂತೆ, ಮಹಾರಾಯ! ಅತ್ತಿ ಇವತ್ತಿಗೂ ಹೇಳುತ್ತಾಳೆ: "ಇಬ್ಬರ ಪಾಲಿನ ಅಕ್ಕಿಕಾಳು ನನ್ನೊಬ್ಬಾಕಿ ತಲಿ ಮ್ಯಾಲ ಬಿದ್ದಾವ. ಅದಕ್ಕ ಸಂಸಾರದ ಭಾರಾನೂ ನನ್ನ ಮ್ಯಾಲನ ಐತಿ!"

ಬೀಗರ ಮನೆಗೆ ಹೋದರೂ ಅಷ್ಟೇ. ಹೊಸ್ತಿಲು ದಾಟುವ ಮೊದಲೇ "ಬರ್ತೇವ್ರಿ ಹಂಗಾರ" ಎನ್ನುತ್ತಾನೆ. ಕಾಲು ತೊಳೆಯಲು ನೀರು ತಂದವರು ತಂಬಿಗೆ ಹಿಡಿದುಕೊಂಡೇ ನಮ್ಮನ್ನು ಬೀಳ್ಕೊಟ್ಟದ್ದುಂಟು.

ಇಂಥ ಮನುಷ್ಯನನ್ನು ಕರೆದುಕೊಂಡು ಒಂದಿಡೀ ದಿನ ನೀರಿನ ದಂಡೆಗೆ ಕೂಡಲು ಹೊರಟೆನಲ್ಲ, ನನಗೇನು ತಲೆ ಕೆಟ್ಟಿತ್ತೆ? ಇಲ್ಲ, ಅತ್ತಿಗಾಗಿ ಹೊರಟೆ. ಆ ವರ್ಷ ಆಕೆಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಗಾಯ ಮಾಯ್ದಿತ್ತು, ನಿದ್ದೆ ಮಾತ್ರ ಎತ್ತಲೋ ಹೋಗಿಬಿಟ್ಟಿತ್ತು. ಡಾಕ್ಟರು ಕೊಟ್ಟ ಗುಳಿಗೆಗೂ ಅದು ಬರಲೊಲ್ಲದು. ನೋಡಲು ಹೋದಾಗ ಕೇಳಿದೆ, "ಏನ್ ತರ್ಲಿ ಅತ್ತಿ ನಿನಗ?"

"ಏನೂ ಬ್ಯಾಡವಾ. ಒಂದಿನಾ ನೀರಿನ ದಂಡಿಗೆ ಸುಮ್ಮ ಕೂಡಬೇಕ ಅನಸೇತಿ. ಹೊತ್ತ ಮುಳಗೂತನಕ. ಯಾರೂ ‘ಏಳು’ ಅನಬಾರದು ನೋಡು."

ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನ ದಂಡೆಗೆ ಕೆಲವರು ಕೂಡಿ ವಿಹಾರಕ್ಕೆಂದೇ ಒಂದು ಕಾಲೋನಿ ಕಟ್ಟಿಕೊಂಡಿದ್ದರು. ಸಣ್ಣ ಸಣ್ಣ ಮನೆ, ಹಸಿರು ಹುಲ್ಲು, ಕಾಲಿನಿಂದ ತುಳಿಯುವ ದೋಣಿ, ನೀರಿಗೆ ಮುಖ ಮಾಡಿದ ಕುರ್ಚಿಗಳು. ಅಲ್ಲಿ ನಮ್ಮ ಯಜಮಾನರ ಗೆಳೆಯರದೊಂದು ಮನೆಯಿತ್ತು. ಒಂದು ದಿನಕ್ಕೆ ಕೀಲಿ ಕೊಟ್ಟರು. ಯಜಮಾನರು ನಮ್ಮನ್ನು ಕಾರಿನಲ್ಲಿ ಬಿಟ್ಟು, ಬೀಳಗಿಯಲ್ಲಿ ಕೆಲಸ ಮುಗಿಸಿ, ಸಂಜೆಗೆ ಬಂದು ಕರೆದೊಯ್ಯುವುದೆಂದು ನಿಶ್ಚಯವಾಯಿತು.

ಜಮಖಂಡಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಸಕ್ಕರೆ ಕಾರ್ಖಾನೆಗಳು ಹಂಗಾಮು ಶುರುಮಾಡಿದ ದಿನಗಳು, ಮುಂದಿನದು ಸರಿದರೆ ತಾನೇ ಹಿಂದಿನದು? ಮಾವ ಹಿಂದಿನ ಸೀಟಿನಲ್ಲಿ ಇರುವೆ ಹತ್ತಿದವರಂತೆ ಮಿಸುಕಾಡಿದ. "ನಿಂದರಸಪಾ, ನಾ ನಡಕೋತ ಹೊಂಡತೇನಿ" ಎಂದು ಬಾಗಿಲು ತೆಗೆದು ಇಳಿದೇಬಿಟ್ಟ! ನಾವು ನಕ್ಕೆವು. ಒದ್ದಾಡಿ ಆ ಸಾಲು ದಾಟಿ ಹೋದರೆ, ಮುಂದಿನ ಚಹಾದಂಗಡಿಯ ಎದುರು ಮಾವ ಚಹಾ ಕುಡಿದು ಕಪ್ಪು ಕೆಳಗಿಡುತ್ತಿದ್ದಾನೆ! "ಕಾರು ರಿಪೇರಿ ಮಾಡಸ್ರಿ ಅಳಿಯಂದಿರ" ಎಂದು ಮತ್ತೆ ಹತ್ತಿದ.

ಕಾಲೋನಿಯಲ್ಲಿ ಪಕ್ಕದ ಮನೆಯವರು ಚಡ್ಡಿ ಹಾಕಿಕೊಂಡು, ಉದ್ದನೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಮಾವನಿಗೆ ಕರುಳು ಚುರ್ ಎಂದಿತು. ಮಗ್ಗದ ಸಪ್ಪಳದಲ್ಲಿ ಬೆಳೆದ ದನಿ ಬೇರೆ, ಕೇಳಬೇಕೆ!

"ಯಾಕ್ರೀ ಯಪ್ಪಾ, ಜ್ವರ ಬಂದಾವೇನ್ರಿ?"

ಆ ಮನುಷ್ಯ ಬೆಚ್ಚಿಬಿದ್ದು ಎದ್ದರು. "ಇಲ್ರಿ, ಸುಮ್ಮ ಮಲಗೀನಿ."

"ಹಗಲೊತ್ತಿನ್ಯಾಗ ಸುಮ್ಮ ಯಾಕ ಮಲಗೀರಿ?"

"ಅದಕ್ಕಂತನ ಬಂದೀನ್ರಿ ಇಲ್ಲಿಗೆ."

"ಮನ್ಯಾಗ ಮಂಚ ಇಲ್ಲೇನ್ರಿ ಪಾಪ!"

ಅವರು ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಮಾವ ಸುತ್ತಾಡಿ ದಣಿದರಾದರೂ ಅತ್ತಿಗೆ ಶಾಂತಿ ಸಿಕ್ಕೀತೆಂದು ನಾನು ಅವನನ್ನು ದೋಣಿಗೆ ಹತ್ತಿಸಿದೆ. ಅವನು ಒಂದು ಕಡೆ, ನಾನು ಒಂದು ಕಡೆ ತುಳಿಯಬೇಕು. ಮಾವನ ಕಾಲಿನ ಜೋರಿಗೆ ನನ್ನ ಕಾಲು ಎಲ್ಲಿ ಸಾಟಿ? ದೋಣಿ ಇದ್ದಲ್ಲೇ ಗಿರಗಿರ ತಿರುಗಿತು. ಸೀಟಿ ಊದುತ್ತ ಬಂದ ದೋಣಿಯವನು ನಮ್ಮನ್ನು ದಂಡೆಗೆ ಎಳೆದುಹಾಕಿದಾಗ ಮಾವ ನನ್ನನ್ನೇ ಗದರಿದ: "ಹೊಳ್ಳಿ ಇಲ್ಲೇ ಬರೂದಿತ್ತಂದ್ರ ಹೋಗಿದ್ದ್ಯಾಕಬೇ?"

ಅತ್ತಿ ಮಾತ್ರ ಬೇವಿನ ಗಿಡದ ನೆರಳಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕೂತು ಎಷ್ಟು ಹೊತ್ತಾಯಿತು? ಮಾವ ಬಂದು ಎದುರಿಗೆ ನಿಂತ. "ನೀರ ನೋಡಿದ್ಯಲ್ಲ? ನಡಿ ಹೋಗೂನು." ಅತ್ತಿ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡಳು. ಮಾವ ಒಂದು ಸುತ್ತು ಹೋಗಿಬಂದ. "ಏಳತೀಯೋ ಇಲ್ಲೋ?" ಇನ್ನೊಂದು ಸುತ್ತು. ನನಗೆ ಅವನ ಬೆನ್ನು ಕಂಡರೆ ಸಮಾಧಾನ, ಮುಖ ಕಂಡರೆ ದಿಗಿಲು! ಕಡೆಗೆ ಗೇಟಿನವನನ್ನು ವಿಚಾರಿಸಿಕೊಂಡು ಬಂದು ಘೋಷಿಸಿದ, "ಊಟಾ ಮುಗಿಸಿ ಎರಡೂವರಿ ಬಸ್ಸಿಗೆ ಹೋಗೂದ. ಖರೆ ಹೇಳ್ತೇನಿ, ಇನ್ನ ನನ್ನ ಕೈಲಿಂದ ಆಗೂದಿಲ್ಲ."

"ಆತ ಬಿಡ್ರಿ" ಅಂದಳು ಅತ್ತಿ. ಅಷ್ಟೇ. ಜಗಳವಾಡಿದ್ದರೂ ಚೆನ್ನಾಗಿತ್ತು, ಆ ದನಿ ಕೇಳಿ ನನಗೆ ತಡೆಯಲಾಗಲಿಲ್ಲ.

"ಮಾವಾ, ಜೀವಮಾನದಾಗ ಒಂದಿನಾ ಕೇಳ್ಯಾಳ ಆಕಿ! ನಿನಗ ಮನಷಾತನ ಐತೇನು?"

ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನೀರಿನ ಕಡೆ ನಡೆದ. ಅವನು ಹೊಳ್ಳಿ ಬಂದ ಮೇಲೆ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಮೂವರೂ ಉಂಡೆವು. ನಾನು ಒಳಗೆ ಡಬ್ಬಿ ತೊಳೆದಿಡುವಾಗ ಗೇಟಿನ ಕಡೆ ಬಸ್ಸಿನ ಹಾರ್ನ್ ಕೇಳಿಸಿತು. ಹೊರಗೆ ಬಂದರೆ ಮಾವನ ಗದ್ದಲವೂ ಇಲ್ಲ, ಓಡಾಟವೂ ಇಲ್ಲ. ಕರೆದುಕೊಂಡು ಹೋಗಿಯೇಬಿಟ್ಟನೇ, ದುಷ್ಟ! ಬರಿಗಾಲಲ್ಲೇ ದಂಡೆಗೆ ಓಡಿದೆ.

ಅತ್ತಿ ಕುರ್ಚಿಯಲ್ಲೇ ಇದ್ದಳು. ಕತ್ತು ವಾಲಿತ್ತು, ಬಾಯಿ ಒಂದಿಷ್ಟು ತೆರೆದಿತ್ತು, ಗಾಢ ನಿದ್ದೆ. ಗಿಡದ ನೆರಳು ಆಚೆ ಸರಿದಿತ್ತು. ಆಕೆಯ ಮುಖಕ್ಕೆ ಬಿಸಿಲು ಬೀಳದಂತೆ ಮಾವ ಟವೆಲನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು, ಕದಲದೆ ನಿಂತಿದ್ದ.

"ಬಸ್ಸ ಹೋತಲ್ಲೋ ಮಾವಾ" ಅಂದೆ.

"ಹೋಗ್ಲಿ. ಮೆಲ್ಲಕ ಮಾತಾಡು." ಮಾವ ಪಿಸುಗುಟ್ಟಿದ. "ದವಾಖಾನಿಂದ ಬಂದ ಮ್ಯಾಲ ಇವತ್ತ ಕಣ್ಣ ಮುಚ್ಚ್ಯಾಳ ನೋಡು. ನನಗೂ ನಿದ್ದಿಲ್ಲಬೇ. ಕುಂತ್ರ ಕಣ್ಣ ಹತ್ತತಾವ. ನಾ ಮಲಗಿದ್ರ ಅಕಿ ಒಬ್ಬಾಕೀನ ಎಚ್ಚರಿರತಾಳ. ಅದಕ್ಕ ತಿರಗ್ಯಾಡತಿದ್ದೆ. ಇನ್ನ ಆಗವಲ್ದು ಅಂತನ ಬಸ್ಸಿಗೆ ಹೋಗೂನು ಅಂದಿದ್ದೆ."

ನನಗೆ ಅಳು ಬಂತು. ಟವೆಲ್ ಕಸಿದುಕೊಂಡೆ. "ನಾ ಹಿಡೀತೇನಿ, ನೀ ಕೂಡು."

ಮಾವ ಅತ್ತ ಇತ್ತ ನೋಡಿದ. ಆಮೇಲೆ ಅತ್ತಿಯ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಮೆಲ್ಲಗೆ ಕೂತ. ಕೂತದ್ದೇ ತಡ, ತಲೆ ಅತ್ತಿಯ ಮೊಣಕಾಲಿಗೆ ಆತುಕೊಂಡಿತು, ಗೊರಕೆ ಶುರುವಾಯಿತು.

ಆ ಗೊರಕೆಗೇ ಅತ್ತಿಗೆ ಎಚ್ಚರವಾಯಿತು. ಮಾವನ ತಲೆ ಕಂಡಳು, ನನ್ನ ಕೈಯ ಟವೆಲ್ ಕಂಡಳು. ಏಳಿಸಲೇ ಎಂದು ಸನ್ನೆ ಮಾಡಿದೆ.

"ಬ್ಯಾಡಬೇ" ಅಂದಳು ಅತ್ತಿ, ಉಸಿರಿನಲ್ಲೇ. "ದಿನಾ ರಾತ್ರಿ ನಾ ನಿದ್ದಿ ಬಂದವರಂಗ ಮಾಡಿದ್ರೂ ನಂಬ್ತಿರಲಿಲ್ಲ ಇವರು. ನನ್ನ ಜೋಡಿ ಎದ್ದ ಇರ್ತಿದ್ರು. ಮಲಗ್ಲಿ."

ಹಾಗೆಂದು ಮಾವನ ತಲೆಯ ಮೇಲೆ ಕೈಯಿಟ್ಟುಕೊಂಡು ಅತ್ತಿ ನೀರು ನೋಡುತ್ತ ಕೂತಳು. ಕಾಲು ಜೋಮು ಹಿಡಿದಿರಬೇಕು, ಆದರೂ ಹೊತ್ತು ಮುಳುಗುವವರೆಗೆ ಅಲುಗಾಡಲಿಲ್ಲ.