ಪುಸ್ತಕ ಬಿಟ್ಟು ಉಳಿಸಿದ ಜಾಗ

ಮಾನ ಕಳೆದುಕೊಳ್ಳಲು ಬೇರೆಯವರಿಗೆ ಒಂದೂರು ಸಾಕು. ನನ್ನದು ಕಂತಿನ ಮೇಲೆ ಮೂರೂರಲ್ಲಿ ಹೋಯಿತು. ತೊಂಬತ್ತರ ದಶಕದ ಕೊನೆಗೆ ಸಿಂಧನೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಮಾಸ್ತರನಾಗಿದ್ದೆ. ಮನೆಯಲ್ಲಿ ನನಗೆ ಹೆಣ್ಣು ನೋಡುತ್ತಿದ್ದರು. ಮಾನ ಬಹಳ ಬೇಕಾಗಿದ್ದ ಹೊತ್ತು ಅದು.

೧. ಸಿಂಧನೂರು

ಆಗಿನ ಕಂಪ್ಯೂಟರಿನ ಹೊಟ್ಟೆ ಸಣ್ಣದು. ಯಾವ ಸಾಫ್ಟ್‌ವೇರ್ ಹಾಕಿದರೂ, ಅದನ್ನು ಬಳಸುವ ವಿವರದ ಪುಸ್ತಕವೂ ಫೈಲಾಗಿ ಜೊತೆಗೇ ಒಳಗೆ ಬಂದು ಕೂರುತ್ತಿತ್ತು; ಏನಾದರೂ ಕೇಳಿದರೆ ಕಂಪ್ಯೂಟರ್ ಅದನ್ನೇ ಪರದೆಯ ಮೇಲೆ ತೋರಿಸುತ್ತಿತ್ತು. ಸಾಫ್ಟ್‌ವೇರ್ ಹಾಕುವ ಪ್ರೋಗ್ರಾಮಿನ ಸೆಟ್ಟಿಂಗಿನಲ್ಲಿ ನಾನು ಒಂದು ಸಾಲು ಬರೆದೆ: ಇನ್ನು ಏನೇ ಹಾಕಿದರೂ ಪುಸ್ತಕ ಬಿಟ್ಟು ಹಾಕು. ಉಳಿದ ಜಾಗದಲ್ಲಿ, ಮಕ್ಕಳಿಗೆ ಮೌಸ್ ಹಿಡಿಯುವುದು ರೂಢಿಯಾಗಲಿ ಎಂದು ಇಸ್ಪೀಟ್ ಆಟ ಇಟ್ಟೆ.

ಮರುದಿನ, ಹಾಗೆ ಹಾಕಿದ ಹೊಸ ಸಾಫ್ಟ್‌ವೇರಿನ ಮುಂದೆ ಕೂತು, ಸಾಲಗುಂದದಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, "ಸರ್, ಈ ಕಮಾಂಡ್ ಏನ್ ಮಾಡ್ತೈತ್ರಿ?" ಎಂದಳು. ನನಗೂ ಗೊತ್ತಿರಲಿಲ್ಲ.

"ಎಲ್ಲಾ ನನ್ನ ಕೇಳಬಾರದು. ಕಂಪ್ಯೂಟರನ್ನ ಕೇಳು, ಅದ ಹೇಳ್ತೈತಿ" ಎಂದೆ, ಗತ್ತಿನಿಂದ.

ಕೇಳಿದಳು. ಪರದೆ ನೋಡಿ ಗಟ್ಟಿಯಾಗಿ ಹೇಳಿದಳು: "ಸರ್, ಅದಕ್ಕೂ ಗೊತ್ತಿಲ್ಲಂತ್ರಿ."

೨. ಲಿಂಗಸುಗೂರು

ಅಲ್ಲಿಯ ಗೊಬ್ಬರದಂಗಡಿ ಸಾವಕಾರರು ಕಂಪ್ಯೂಟರ್ ತಂದರು. ಮಸ್ಕಿಯಲ್ಲಿ ಮದುವೆಗೆ ಬಂದ ಅವರ ಅಕ್ಕನ ಮಗಳಿದ್ದಾಳೆಂದು ನನಗೆ ತಿಳಿದಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಎಲ್ಲ ಹಾಕಿಕೊಟ್ಟೆ, ರೂಢಿಯಂತೆ ಪುಸ್ತಕ ಬಿಟ್ಟು, ಇಸ್ಪೀಟ್ ಸಮೇತ.

ವಾರದೊಳಗೆ ಕರೆ ಬಂತು, ಅಂಗಡಿಗೆ ಹೋದೆ. ಪ್ರಿಂಟಿನಲ್ಲಿ ಬಿಲ್ಲುಗಳೆಲ್ಲ ಅಡ್ಡಡ್ಡ ಬರುತ್ತಿದ್ದವು.

"ಹೆಂಗ ಸರಿ ಮಾಡೋದಂತ ಇದರಾಗ ಬರದಿರ್ತೈತಂತಲ್ರಿ, ಎಲ್ಲೈತಿ?"

"ಅದನ್ನ ಹಾಕಿಲ್ರಿ. ಜಾಗ ಉಳಿಸೀನ್ರಿ."

ಸಾವಕಾರರು ಒಂದು ಗೊಬ್ಬರದ ಚೀಲ ಎಳೆದು ಹಾಕಿದರು. "ಹಂಗಾದ್ರ ಆ ಉಳಿದ ಜಾಗದಾಗ ನೀವ ಕುಂದರ್ರಿ, ಮಾಸ್ತರ್ರ. ಕೇಳಾಕ ಯಾರಾರ ಬೇಕಲ್ಲ?"

ಅಂಗಡಿ ಮುಚ್ಚುವ ತನಕ, ಬಂದ ಗಿರಾಕಿಗಳೆಲ್ಲ ನೋಡುವಂತೆ, ಆ ಚೀಲದ ಮೇಲೆ ಕೂತಿದ್ದೆ.

೩. ಮಸ್ಕಿ

ಇಷ್ಟಾದರೂ ಸಾವಕಾರರ ಅಕ್ಕನ ಮನೆಯಿಂದ ಹೆಣ್ಣು ನೋಡಲು ಕರೆದರು. ಸಾವಕಾರರು ದೊಡ್ಡ ಮನುಷ್ಯರು ಎಂದುಕೊಂಡು ಅಪ್ಪನ ಜೊತೆ ಹೋದೆ. ಹುಡುಗಿ ಚಹಾ ಕೊಟ್ಟು ಬಾಗಿಲ ಮರೆಗೆ ನಿಂತಳು. ನನಗೆ ಹಿಡಿಸಿದ್ದಳು. ಶಿರಾದ ತಟ್ಟೆ ಕೈಗೆ ಬಂತು.

ಸಾವಕಾರರ ತಾಯಿ, ಅಂದರೆ ಹುಡುಗಿಯ ಅಜ್ಜಿ, ನೇರ ಕೇಳಿದರು: "ತಮ್ಮಾ, ಚಟ-ಗಿಟ ಏನಾರ ಅದಾವೇನು? ಕುಡಿಯೋದು, ಇಸ್ಪೀಟು?"

ಅಪ್ಪ ಎದೆ ಮುಟ್ಟಿಕೊಂಡರು. "ಇಸ್ಪೀಟಾ? ಅದರ ಎಲಿ ಹೆಂಗಿರ್ತಾವಂತ ಸೈತ ಗೊತ್ತಿಲ್ರಿ ಅವಗ!"

ಪಕ್ಕದಲ್ಲಿ ಕೂತಿದ್ದ ಸಾವಕಾರರು ಕೆಮ್ಮಿದರು. ಪಾಪ, ಸುಳ್ಳಿಗೆ ತಲೆಯಾಡಿಸಿ ರೂಢಿಯಿಲ್ಲದ ಮನುಷ್ಯ. "ಯವ್ವಾ, ನನ್ನ ಕಂಪ್ಯೂಟರಿನಾಗ ಇವರು ಪುಸ್ತಕ ತಗದು ಇಸ್ಪೀಟ್ ಹಾಕ್ಯಾರ. ಕೇಳಿದ್ರ ಜಾಗ ಸಾಲಂಗಿಲ್ಲ ಅಂತಾರ."

ಅದು ಬರೀ ಪರದೆಯ ಮೇಲಿನ ಆಟ ಎನ್ನಲು ಬಾಯಿ ತೆರೆದೆ. ಬದಲಿಗೆ ಅದರೊಳಗೆ ಶಿರಾ ಹಾಕಿಕೊಂಡೆ. ಅಪ್ಪ ನನ್ನತ್ತ ನೋಡಲೇ ಇಲ್ಲ. ಬಾಗಿಲ ಮರೆಯಿಂದ ಕಿಸಕ್ಕೆಂದದ್ದು ಮಾತ್ರ ಸ್ಪಷ್ಟ ಕೇಳಿಸಿತು.

ಅಜ್ಜಿ ನನ್ನ ಕೈಯಿಂದ ಶಿರಾದ ತಟ್ಟೆ ಮೆಲ್ಲಗೆ ಇಸಿದುಕೊಂಡರು.

"ಸರಸ್ವತಿನ್ನ ತಗದು ಇಸ್ಪೀಟ್ ಇಟ್ಟಾನ. ನಾಳೆ ಮನಿಯಾಗ ಜಾಗ ಸಾಲಲಿಲ್ಲಂದ್ರ ನಮ್ಮ ಹುಡಿಗಿನ್ನ ತಗದು ಏನ್ ಇಡ್ತಾನೋ ಯಪ್ಪಾ!"