ಸ್ಪ್ಯಾನಿಷ್ ಭವಿಷ್ಯತ್ಕಾಲವೂ ನನ್ನ ಪಾದದ ಮಣ್ಣೂ

ಜೀವಮಾನವೆಲ್ಲ ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸಿ ನಿವೃತ್ತನಾದ ನನಗೆ ಈಗ ಹೆಂಡತಿಯ ತವರಿನ ಕಾಫಿ ಕಣದ ಹತ್ತಿರ ನಿಲ್ಲುವುದಕ್ಕೂ ಅಪ್ಪಣೆಯಿಲ್ಲ. ಕಾರಣ, ಸ್ಪ್ಯಾನಿಷ್ ಭಾಷೆಯ ಭವಿಷ್ಯತ್ಕಾಲ. ನೀವು ನಗಬಹುದು, ನಾನಂತೂ ನಗುವ ಸ್ಥಿತಿಯಲ್ಲಿಲ್ಲ.

ಬೆಳೆಗಾರರು ತಮ್ಮ ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದೆಂದು ಸರ್ಕಾರ ಬಿಟ್ಟುಕೊಟ್ಟ ಹೊಸತು. ಮಗ್ಗೆಯ ಆಚೆ ತೋಟ ಮಾಡಿಕೊಂಡಿರುವ ನನ್ನ ಭಾವಮೈದುನ ತೋಟಪ್ಪ ಒಂದು ದಿನ ಸಕಲೇಶಪುರದ ನಮ್ಮ ಮನೆಗೆ ಓಡೋಡಿ ಬಂದ.

"ಭಾವ, ಸಂಕ್ರಾಂತಿ ಕಳೀತಿದ್ದಂಗೆ ಸ್ಪೇನ್ ದೇಶದ ಸಾಹುಕಾರ್ರೊಬ್ರು ನಮ್ಮ ಕಾಫಿ ನೋಡಕ್ಕೆ ಬರ್ತಾವ್ರೆ. ಇಂಗ್ಲಿಷ್ ಅಷ್ಟಕ್ಕಷ್ಟೇ ಅಂತೆ. ಅವ್ರ ಭಾಷೇಲೇ ನಾಕು ಮಾತಾಡಿದ್ರೆ ವ್ಯಾಪಾರ ಕುದುರ್ತೈತೆ. ನೀವು ವ್ಯಾಕರಣದ ಹುಲಿ, ಕಲಿಸ್ಕೊಡಿ."

ಮದುವೆಯಾದಂದಿನಿಂದ ಆ ಮನೆಯವರು ಯಾರೂ ನನ್ನನ್ನು ಹುಲಿ ಎಂದವರಲ್ಲ. (ಎಮ್ಮೆ ಕಟ್ಟಲು ಬಾರದ ಅಳಿಯ ಎಂಬುದೇ ನನ್ನ ಬಿರುದು.) ಕೂಡಲೇ ಒಪ್ಪಿಕೊಂಡೆ.

"ನಿಮಗೆಲ್ಲಿ ಬರ್ತದ್ರೀ ಸ್ಪ್ಯಾನಿಷ್ಷು?" ಎಂದಳು ಹೆಂಡತಿ ಭದ್ರಮ್ಮ.

"ವ್ಯಾಕರಣ ಬಲ್ಲವನಿಗೆ ಎಲ್ಲ ಭಾಷೆಯೂ ಒಂದೇ ಕಣೇ."

"ಹಂಗಾದ್ರೆ ಎದುರು ಮನೆಯವ್ರು ತಮಿಳಲ್ಲಿ ಬೈದಾಗ ಯಾಕೆ ಥ್ಯಾಂಕ್ಸ್ ಅಂದ್ರಿ?"

ಹಾಸನದಿಂದ ಸ್ಪ್ಯಾನಿಷ್ ವ್ಯಾಕರಣದ ಪುಸ್ತಕ ತರಿಸಿದೆ. ವರ್ತಮಾನಕಾಲ ನೋಡಿದವನೇ ಪುಟ ಮಗುಚಿದೆ. ಅಲ್ಲಿ ಕ್ರಿಯಾಪದದ ಹೊಟ್ಟೆಯೇ ಬದಲಾಗುತ್ತದೆ. ಭೂತಕಾಲವೋ, ಹೆಸರಿಗೆ ತಕ್ಕ ಭೂತ. ಆದರೆ ಭವಿಷ್ಯತ್ಕಾಲ ಬಂಗಾರ! ಕ್ರಿಯಾಪದವನ್ನು ಇದ್ದ ಹಾಗೇ ಇಟ್ಟು ಬಾಲಕ್ಕೆ ಪ್ರತ್ಯಯ ಅಂಟಿಸಿದರಾಯಿತು. ಕೊಂಪ್ರಾರ್ ಎಂದರೆ ಕೊಳ್ಳುವುದು. ಕೊಂಪ್ರಾರೆ, ಕೊಳ್ಳುವೆನು. ಕೊಂಪ್ರಾರಾಸ್, ಕೊಳ್ಳುವೆ. ಕೊಂಪ್ರಾರಾ, ಕೊಳ್ಳುವನು. ವ್ಯಾಪಾರಕ್ಕೆ ಈ ಕಾಲವೊಂದೇ ಸಾಕೆಂದು ತೀರ್ಮಾನಿಸಿದೆ.

ತೋಟಪ್ಪ ಪ್ರತ್ಯಯಗಳನ್ನು ಹೋಳಿಗೆಯಂತೆ ನುಂಗಿದ. ಕಷ್ಟ ಶುರುವಾದದ್ದು ವಾಕ್ಯಕ್ಕೆ ಬಂದಾಗ.

"'ಆಬ್ರಾ ಮೂಚೊ ಕಫೆ' ಅನ್ನು. ಬಹಳ ಕಾಫಿ ಆಗುವುದು ಅಂತ."

"ಅನ್ನಲ್ಲ ಭಾವ."

"ಯಾಕೋ?"

"ಬೆಳೆ ಚೆನ್ನಾಗೈತೆ ಅಂತ ಯಾವನಾದ್ರೂ ಬಾಯಿಬಿಟ್ಟು ಹೇಳ್ತಾನಾ? ದೃಷ್ಟಿ ಆಗ್ಬುಡ್ತದೆ."

"ಮಾರಾಯ, ಇದು ಸ್ಪ್ಯಾನಿಷ್ ಕಣೋ!"

"ದೃಷ್ಟಿಗೆ ಯಾವ ಭಾಷೆ ಭಾವ?"

ಅಡುಗೆಮನೆಯಿಂದ ಭದ್ರಮ್ಮನ ದನಿ ಬಂತು: "ಅವ್ನು ಹೇಳೋದು ಸರಿಯಾಗೈತೆ. ಗಿಡದ ರೆಕ್ಕೆ-ಕೊಂಬೆ ಮುರಿಯೋ ಹಂಗೆ ಹಣ್ಣು ಬಿಟ್ಟಿದ್ರೂ ನಮ್ಮಪ್ಪ, ಏನೂ ಇಲ್ಲ, ಎಲ್ಲಾ ಹೋಯ್ತು ಅಂತಿದ್ರು."

ಅಣ್ಣ-ತಂಗಿಯರಾದರೆ ಜಗಳವಾಡಬಹುದು, ಅಕ್ಕ-ತಮ್ಮ ಒಂದಾದರೆ ಭಾವನಾದವನು ಸುಮ್ಮನಿರಬೇಕು. ಎಲ್ಲ ವಾಕ್ಯಕ್ಕೂ ಮುಂದೆ 'ನೊ' ಸೇರಿಸಿ, ನಿಷೇಧ ರೂಪವನ್ನೇ ಕಲಿಸಿದೆ. ಅದನ್ನು ಅವನು ಎಷ್ಟು ಸವಿದು ಹೇಳಿದನೆಂದರೆ, ಕನ್ನಡಕ್ಕಿಂತ ಸ್ಪ್ಯಾನಿಷ್ಷೇ ಅವನ ಮಾತೃಭಾಷೆಯೇನೋ ಎನ್ನಿಸಿತು.

ಸಂಕ್ರಾಂತಿ ಕಳೆದ ಮೇಲೆ ಸಾಹುಕಾರ ತೋಟಪ್ಪನ ತೋಟಕ್ಕೆ ಬಂದ; ಭದ್ರಮ್ಮನೊಂದಿಗೆ ನಾನೂ ಅಲ್ಲಿದ್ದೆ. ಕಣದ ತುಂಬ ಕಾಫಿ ಒಣಗುತ್ತಿತ್ತು. ತೋಟಪ್ಪ ಕೈಮುಗಿದು ನಿರರ್ಗಳವಾಗಿ ಸ್ವಾಗತ ಭಾಷಣ ಮಾಡಿದ: ಕಾಫಿ ಆಗುವುದಿಲ್ಲ. ಕಾಳು ದಪ್ಪ ಬರುವುದಿಲ್ಲ. ನೀವು ಕೊಳ್ಳುವುದಿಲ್ಲ.

ನಾನು ತಲೆಯ ಮೇಲೆ ಕೈಹೊತ್ತೆ. ಆದರೆ ಆ ಪುಣ್ಯಾತ್ಮ ಹೊಟ್ಟೆ ಹಿಡಿದು ನಕ್ಕು ತೋಟಪ್ಪನನ್ನು ಅಪ್ಪಿಕೊಂಡ. ತನ್ನ ತಂದೆಯೂ ಆಲಿವ್ ಬೆಳೆಗಾರ, ಸಾಯುವತನಕ ಹೀಗೇ ಹೇಳುತ್ತಿದ್ದ ಎಂದು ಅರೆಬರೆ ಇಂಗ್ಲಿಷಿನಲ್ಲಿ ವಿವರಿಸಿದ. ಜಗಲಿಯಲ್ಲಿದ್ದ ಮೂಟೆಯಿಂದ ಒಂದು ಪುಟ್ಟ ಚೀಲದಷ್ಟು ಮಾದರಿ ತೆಗೆದುಕೊಂಡ. ಊಟವಾದ ಮೇಲೆ ಕಣದ ಕಾಫಿ ನೋಡಿ ವ್ಯಾಪಾರ ಮುಗಿಸುವುದೆಂದಾಯಿತು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಮನೆಯವರೆಲ್ಲ ತೋಟಪ್ಪನನ್ನೇ ಹೊಗಳುತ್ತಿದ್ದರು; ಗುರುವನ್ನು ಕೇಳುವವರಿಲ್ಲ. ಕಡುಬು, ಅವರೆಕಾಳು ಸಾರಿನ ನಡುವೆ ಸಾಹುಕಾರ ನನ್ನತ್ತ ತಿರುಗಿ, ಕಣದ ಕಾಫಿ ಹೇಗೆ ಒಣಗಬಹುದೆಂದು ಕೇಳಿದ. ಎಲೆಯ ಮುಂದಿನಿಂದ ಎದ್ದುನಿಂತು ಘೋಷಿಸಿದೆ:

"ಸೆರಾ ಬ್ವೇನೊ! ಆಬ್ರಾ ಮೂಚೊ ಸೋಲ್! ನೊ ಯೊವೆರಾ!" (ಚೆನ್ನಾಗಿರುವುದು! ಬಿಸಿಲು ಬಹಳ ಇರುವುದು! ಮಳೆ ಬರುವುದಿಲ್ಲ!)

ಒಂದು ಪ್ರತ್ಯಯವೂ ತಪ್ಪಿರಲಿಲ್ಲ. ತೋಟಪ್ಪನ ಕೈಯ ಕಡುಬು ಬಾಯಿಯ ಹತ್ತಿರವೇ ನಿಂತಿತು.

"ಭಾವ, ಹಾಳು ಮಾಡ್ಬುಟ್ರಲ್ಲ!"

ಜನವರಿಯಲ್ಲಿ ಎಂದೂ ಬಾರದ ಮಳೆ ಮಜ್ಜಿಗೆ ಬಡಿಸುವುದರೊಳಗೆ ಬಂತು. ಟಾರ್ಪಾಲು ಎಳೆಯುವಷ್ಟರಲ್ಲಿ ಕಣವೆಲ್ಲ ಕೆರೆ. ಸಾಹುಕಾರನೂ ಪ್ಯಾಂಟು ಮಡಚಿ ಓಡಾಡಿದ. ಮಳೆ ನಿಂತ ಮೇಲೆ ಯಾರೂ ಮೋಡವನ್ನು ಬೈಯಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು.

ಭದ್ರಮ್ಮ ಉಪ್ಪು, ಮೆಣಸಿನಕಾಯಿ ಹಿಡಿದು ಬಂದಳು. "ರೀ, ಕಾಲೆತ್ತಿ." ದೃಷ್ಟಿ ಹಾಕಿದವರ ಪಾದದ ಮಣ್ಣನ್ನೂ ಸೇರಿಸಿ ಸುಡಬೇಕಂತೆ.

"ಇದು ಮೂಢನಂಬಿಕೆ ಕಣೇ! ನಾನು ಪಾಠ ಹೇಳಿದ ಮೇಷ್ಟ್ರು."

"ಅದಕ್ಕೇ ಇಷ್ಟು ಗಟ್ಟಿ ತಾಗೈತೆ. ಇನ್ನೊಂದು ಕಾಲು."

ಕಣಕ್ಕೆ ನಿವಾಳಿಸಿ ಎಲ್ಲವನ್ನೂ ಕೆಂಡಕ್ಕೆ ಸುರಿದಳು. ದೃಷ್ಟಿಯಿಲ್ಲದಿದ್ದರೆ ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಕೆಮ್ಮಬೇಕು. ದೃಷ್ಟಿಯಾಗಿದ್ದರೆ ಘಾಟೇ ಬಾರದು. ಅಂದರೆ ಒಂದು ಕೆಮ್ಮು ಬಂದರೆ ನಾನು ನಿರಪರಾಧಿ! ಹೊಗೆಯ ಮೇಲೆ ಬಗ್ಗಿ ಮೂಗು ತುಂಬ ಎಳೆದುಕೊಂಡೆ. ದೇವರಾಣೆ, ಏನೂ ಆಗಲಿಲ್ಲ. ಕೊನೆಗೆ ಸುಳ್ಳೇ ಕೆಮ್ಮಿದೆ.

"ನಾಟಕ ಸಾಕು," ಎಂದಳು ಭದ್ರಮ್ಮ.

ಓದಿದವನಾದರೂ ನನ್ನ ಪರ ನಿಂತಾನೆಂದು ಸಾಹುಕಾರನತ್ತ ನೋಡಿದೆ. ತೋಟಪ್ಪ ಕೈಸನ್ನೆಯಲ್ಲಿ ಅವನಿಗೆ ವಿಷಯ ತಿಳಿಸುತ್ತಿದ್ದ. ಅವರ ಊರಲ್ಲೂ ಈ ಶಾಸ್ತ್ರವಿದೆಯಂತೆ. ಆತ ಗಂಭೀರವಾಗಿ ತಲೆದೂಗಿದ, ಕಾಫಿ ಒಣಗಿದ ಮೇಲೆ ಬರುವೆನೆಂದು ತೋಟಪ್ಪನ ಕೈಕುಲುಕಿದ. ಆಮೇಲೆ ನನ್ನನ್ನೊಮ್ಮೆ ನೋಡಿ, ಮಾದರಿಯ ಚೀಲವನ್ನು ಮೆಲ್ಲಗೆ ಕೋಟಿನೊಳಗೆ ಮರೆಮಾಡಿಕೊಂಡ.