ದುರ್ಗದಲ್ಲಿ ನಾನು ಸಲಹೆಯ ಅಂಗಡಿ ಇಟ್ಟದ್ದು

ಸಲಹೆ ಕೇಳುವವರಿಗಿಂತ ಕೊಡುವವರೇ ಹೆಚ್ಚಿರುವ ಸೀಮೆಯಲ್ಲಿ ಅದನ್ನೇ ಕಸುಬು ಮಾಡಿಕೊಂಡವನಿಗೆ ನಗುವ ಪ್ರಸಂಗಗಳಿಗೇನು ಬರ?

ಎಪ್ಪತ್ತರ ದಶಕದ ಮಾತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಲಾರಿ, ಟೂರಿಂಗ್ ಟಾಕೀಸು, ಎಣ್ಣೆ ಮಿಲ್ಲು ಅಂತ ಎಲ್ಲೂ ಆರು ತಿಂಗಳು ನಿಲ್ಲದೆ ಅಲೆದ ನನಗೆ ಮೋಟಾರು, ಎಂಜಿನ್ನುಗಳ ಬುದ್ಧಿ ಒಂದಿಷ್ಟು ತಿಳಿದಿತ್ತು. ಚಿತ್ರದುರ್ಗದಲ್ಲಿ ಒಂದು ಕೋಣೆ ಹಿಡಿದು ‘ಯಂತ್ರ ಸಲಹಾ ಕೇಂದ್ರ’ ಎಂದು ಬೋರ್ಡು ಹಾಕಿದೆ. ಹೊಳಲ್ಕೆರೆಯಲ್ಲಿ ಹೆಣ್ಣು ನೋಡಿದ್ದೆ, ಹುಡುಗಿಗೆ ಒಪ್ಪಿಗೆ. ಅವಳಪ್ಪ ಮಾತ್ರ, “ರಿಪೇರಿ ಮಾಡಲ್ಲ, ಮಾರಲ್ಲ, ಬರೀ ಹೇಳ್ತೀರಿ. ಅದೂ ಒಂದು ಕಸುಬೇನ್ರಿ? ನಿಮ್ಮ ಮಾತು ಕೇಳಿ ಒಂದು ಯಂತ್ರ ಸರಿಹೋಗಿದ್ದು ತೋರಿಸ್ರಿ, ಮಗಳನ್ನ ಕೊಡ್ತೀನಿ” ಅಂದುಬಿಟ್ಟರು.

ಮೊದಲ ಗಿರಾಕಿ

ಅಂಗಡಿ ತೆರೆದ ದಿನವೇ ಒಬ್ಬ ಹಿರಿಯರು ಬಂದರು. ಕುರ್ಚಿ ಒರೆಸಿ, “ಕುಂತ್ಕಳ್ರಿ, ಏನು ಸಲಹೆ ಬೇಕಿತ್ತು?” ಎಂದೆ.

“ಬೇಕಾಗಿರೋದು ನನಗಲ್ಲಪ್ಪ, ನಿನಗೆ.”

ಬೋರ್ಡು ಎಲ್ಲಿರಬೇಕು, ಬಾಗಿಲಿಗೆ ಯಾವ ಬಣ್ಣ ಎಂದು ಊಟದ ಹೊತ್ತಿನವರೆಗೆ ಹೇಳಿದರು. ಹೋಗುವಾಗ, “ನಾಳೆ ನಮ್ಮಣ್ಣನ್ನ ಕಳಿಸ್ತೀನಿ. ಅವನು ನನಗಿಂತ ಚೆನ್ನಾಗಿ ಹೇಳ್ತಾನೆ!”

ಬಲಗಡೆ ಹೂವು

ಹಿರಿಯೂರು ಕಡೆ ಒಬ್ಬ ರೈತನ ಪಂಪ್‌ಸೆಟ್ಟು ತಿರುಗುತ್ತಿತ್ತು, ನೀರು ಮಾತ್ರ ಇಲ್ಲ. ಮೋಟಾರು ಉಲ್ಟಾ ತಿರುಗುತ್ತಿದೆ, ಎರಡು ವೈರು ಅದಲು ಬದಲು ಮಾಡು ಎಂದೆ.

“ಅಮ್ಮನ್ನ ಒಂದು ಮಾತು ಕೇಳಾಣ ಬರ್ರಿ,” ಎಂದು ಊರಮ್ಮನ ಗುಡಿಗೆ ಕರೆದೊಯ್ದ. ದೇವಿಯ ಮೈಮೇಲಿನ ಹೂವು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಅರ್ಧ ದಿನ ಕಾದ ಮೇಲೆ ಬಲಕ್ಕೆ ಬಿತ್ತು. ವೈರು ಬದಲಾಯಿಸಿದ. ನೀರು ಧೋ ಎಂದು ಬಂತು.

“ಹೊಳಲ್ಕೆರೆಗೆ ಬಂದು, ನನ್ನ ಸಲಹೆಯಿಂದ ನೀರು ಬಂತು ಅಂತ ಹೇಳ್ತೀಯೇನಪ್ಪ?”

“ಸುಳ್ಳು ಹೆಂಗೆ ಹೇಳ್ಲಿ ಸ್ವಾಮಿ? ಹೇಳಿದ್ದು ಅಮ್ಮ. ನೀವೂ ಜೊತೆಗಿದ್ರಿ ಅಂತ ಬೇಕಾದ್ರೆ ಹೇಳ್ತೀನಿ.”

ತಿರುಗುವ ಸ್ಪೀಕರು

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ಪಂಚಾಯ್ತಿ ರೇಡಿಯೋದ ಸ್ಪೀಕರು ಮೇಲಿನ ಬೀದಿಗೆ ಮುಖ ಮಾಡಬೇಕೋ ಕೆಳಗಿನ ಬೀದಿಗೋ ಎಂದು ಜಗಳ. ತಿರುಗುವ ಕಂಬ ನೆಟ್ಟು ಎರಡೂ ಕಡೆಗೆ ಸಮನಾಗಿ ತಿರುಗಿಸಿ ಎಂದೆ.

ವಾರ ಬಿಟ್ಟು ಹೋದರೆ ಕೆಳಗಿನ ಬೀದಿಯ ಕುರಿಗಳು ಬಯಲಲ್ಲಿ ಮೇಯುತ್ತಿವೆ, ಮೇಲಿನ ಬೀದಿಯವರು ಕುರಿ ಕೂಡಿಹಾಕಿ, ಬಿರುಬಿಸಿಲಲ್ಲಿ ಕಂಬಳಿ ಹೊದ್ದು ಕೂತಿದ್ದಾರೆ. ವಾರ್ತೆಯ ಒಂದೇ ಮಾತಿನ ನಡುವೆ ಸ್ಪೀಕರು ತಿರುಗಿ, “ಇಂದು ಭಾರಿ ಮಳೆ” ಎಂಬುದು ಮೇಲಿನ ಬೀದಿಗೆ, “ಬರುವ ಲಕ್ಷಣವಿಲ್ಲ” ಎಂಬುದು ಕೆಳಗಿನ ಬೀದಿಗೆ ಹೋಗಿತ್ತು. ಮೇಲಿನ ಬೀದಿಯ ಯಜಮಾನರು ನನ್ನ ತೋಳು ಹಿಡಿದರು: “ನಮ್ಮ ಪಾಲಿನ ಮಳೆ ಎಲ್ರಿ? ಅದನ್ನೂ ಆ ಕಡೆ ತಿರುಗಿಸಿದ್ರಾ?”

ಹಲಗೆ ಮೇಲೆ ಹತ್ತು ಜನ

ಕೊನೆಗೆ ತೋರಿಸಲು ಏನೂ ಇಲ್ಲದೆಯೇ ಹೊಳಲ್ಕೆರೆಗೆ ಹೋದೆ. ಹುಡುಗಿಯಪ್ಪ ಹೊಸದಾಗಿ ಹಿಟ್ಟಿನ ಗಿರಣಿ ಹಾಕಿದ್ದರು. ಸಿಮೆಂಟು ಕಟ್ಟೆ ಇನ್ನೂ ಆಗಿರಲಿಲ್ಲ. ಎಂಜಿನ್ನು ಉದ್ದನೆಯ ಹಲಗೆಗಳ ಮೇಲೆ ಕೂತಿತ್ತು. ಹಾಕಿದಷ್ಟೂ ಸಲ ಬೆಲ್ಟು ಕಳಚುತ್ತಿತ್ತು. ಸಲಹೆ ಕೊಡಲು ಬಂದ ಊರಿನ ಹತ್ತು ಜನ ಅದೇ ಹಲಗೆಗಳ ತುದಿಗೆ ಹತ್ತಿ ನಿಂತಿದ್ದರು.

“ಬಿಗಿ ಮಾಡ್ರಿ!”

“ಲೇ, ಸಡಿಲ ಬಿಡಲೇ!”

“ಮೊದಲು ನಿಂಬೆಹಣ್ಣು ಇಡ್ರಿ!”

ಅವರ ಭಾರಕ್ಕೆ ಹಲಗೆ ವಾಲಿ, ಜೊತೆಗೆ ಎಂಜಿನ್ನೂ ವಾಲಿತ್ತು.

“ಎಲ್ರೂ ಇಳೀರಿ, ಹೊರಗೆ ನಿಂತ್ಕಳ್ರಿ,” ಎಂದೆ. ಗೊಣಗುತ್ತ ಇಳಿದರು. ಹಲಗೆ ನೆಟ್ಟಗಾಯಿತು, ಬೆಲ್ಟು ನಿಂತಿತು, ಹಿಟ್ಟು ಉದುರಿತು.

ಹುಡುಗಿಯಪ್ಪ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು. “ಯಂತ್ರ ಮುಟ್ಟದಂಗೆ ಸರಿ ಮಾಡಿದ್ರಲ್ರಿ! ಮಗಳನ್ನ ಕೊಟ್ಟೆ. ಮದುವೆ ಯಾವಾಗ ಇಟ್ಕಳಾಣ?”

ಆ ಪ್ರಶ್ನೆ ಹೊರಗೂ ಕೇಳಿಸಿತು.

“ಶ್ರಾವಣದಾಗೆ ಇಟ್ಕಳ್ರಿ!” “ಏ, ಕೊಯ್ಲು ಮುಗೀಲಿ!” ಎನ್ನುತ್ತ ಹತ್ತೂ ಜನ ಒಳನುಗ್ಗಿ ಮತ್ತೆ ಹಲಗೆ ಹತ್ತಿದರು. ಬೆಲ್ಟು ಕಳಚಿ ಹಾರಿ, ಹುಡುಗಿಯಪ್ಪನ ರುಮಾಲನ್ನು ಹಿಟ್ಟಿನ ಡಬ್ಬಕ್ಕೆ ಬೀಳಿಸಿತು. ಅವರು ಬರಿದಲೆಯಲ್ಲಿ ನನ್ನ ಹಿಂದೆ ಬಂದು ನಿಂತರು:

“ಅಳಿಯಂದ್ರೇ, ಆ ಸಲಹೆ ಇನ್ನೊಂದ್ಸಲ ಕೊಡ್ರಿ, ಸ್ವಲ್ಪ ಜೋರಾಗಿ!”